ಒಬ್ಬರೇ ಆಡುವ ಕುದುರೆಯಾಟದಲ್ಲಿ ಗೆಲುವು

ತಾಯಿ ಬೀಡಿ ಕಟ್ಟುತ್ತಿರುವಾಗ, ತಂದೆ ಮಗ್ಗದ ಪಾಳಿಗೆ ಹೋಗಿರುವಾಗ, ಸೊಲ್ಲಾಪುರದ ಎಷ್ಟೋ ಮನೆಗಳಲ್ಲಿ ಮಗುವಿಗೆ ಆಟದ ಜೊತೆಗಾರರಿರುವುದಿಲ್ಲ. ಅಂಥ ಮಗುವಿನ ಕೈಗೆ ಪಾಟಿಯನ್ನೂ ಬಳಪವನ್ನೂ ಕೊಟ್ಟರೆ ಕುದುರೆಯಾಟವಾಡಬಹುದು. ಇಲ್ಲಿಯ ಪೇಟೆಯಲ್ಲಿ ಬುದ್ಧಿಬಳವೆಂದು ಕೇಳಿ ಕೊಳ್ಳುವ ನಮ್ಮ ಚದುರಂಗದ ಕುದುರೆಯೇ ಇದು. ನೇರವಾಗಿ ಎರಡು ಮನೆ, ಪಕ್ಕಕ್ಕೆ ಒಂದು ಮನೆ, ಇದೇ ಅದರ ನಡೆ. ಒಮ್ಮೆ ಕಾಲಿಟ್ಟ ಮನೆಗೆ ಮರಳದೆ ಎಲ್ಲ ಮನೆಗಳನ್ನೂ ಸುತ್ತಬೇಕು. ನಡೆದಂತೆಲ್ಲ 1, 2, 3 ಎಂದು ಬರೆಯುತ್ತ ಹೋದರೆ ಗೆಲುವನ್ನು ಪಾಟಿಯೇ ಹೇಳುತ್ತದೆ, ಪಂಚರು ಬೇಕಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) 64 ಮನೆಗಳಲ್ಲಿ ಇಂಥ ಸುತ್ತುಗಳನ್ನು ರಚಿಸಿ ಹೆಸರಾದರು.

ಅಕ್ಕಲಕೋಟೆಯ ಕೆಲವು ಮಕ್ಕಳಿಗೆ ಇದನ್ನು ಕಲಿಸುವಾಗ ನಾವೊಂದು ತಪ್ಪು ಮಾಡಿದೆವು. ಚಿಕ್ಕ ಪಟ ಸುಲಭವೆಂದು ಭಾವಿಸಿ ನಾಲ್ಕು ಸಾಲು, ನಾಲ್ಕು ಕಂಬಗಳ 16 ಮನೆಗಳನ್ನು ಬರೆದುಕೊಟ್ಟೆವು. ಮಕ್ಕಳು ಬರೆದರು, ಒರಸಿದರು, ಕೊನೆಗೆ ತಮಗೆ ಬುದ್ಧಿ ಸಾಲದೆಂದು ಪಾಟಿಯನ್ನು ಕೆಳಗಿಟ್ಟರು. ಆ ಪಟದಲ್ಲಿ ಪೂರ್ಣ ಸುತ್ತು ಸಾಧ್ಯವೇ ಇಲ್ಲ! ಸಾಲದಿದ್ದುದು ನಮ್ಮ ವಿಚಾರವೇ ಹೊರತು ಅವರ ಬುದ್ಧಿಯಲ್ಲ. ಅಲ್ಲಿ ಹೆಚ್ಚೆಂದರೆ 15 ಮನೆಗಳನ್ನು ಸುತ್ತಬಹುದು. "15 ಮುಟ್ಟಿದರೆ ಗೆಲುವು" ಎಂದು ನಿಯಮವನ್ನು ತಿದ್ದಿದೊಡನೆ ಅದೇ ಪಟ ಒಳ್ಳೆಯ ಆಟವಾಯಿತು. ಎದುರಾಳಿಯಿಲ್ಲದ ಆಟದಲ್ಲಿ ಗುರಿಯನ್ನು ಇಡುವವನು ಅದು ಮುಟ್ಟುವಂಥದೇ ಎಂಬುದನ್ನು ಮೊದಲು ತಾನೇ ಆಡಿ ನೋಡಬೇಕು.

ಮುಂದಿನದು 25 ಮನೆಗಳ ಪಟ. ಅದಕ್ಕೆ ಕಪ್ಪು, ಬಿಳುಪು ಬಣ್ಣಗಳನ್ನು ಒಂದು ಬಿಟ್ಟೊಂದರಂತೆ ಹಾಕಿರಿ. ಮೂಲೆಯ ಬಣ್ಣದವು 13, ಇನ್ನೊಂದರವು 12. ಕುದುರೆ ಪ್ರತಿ ನಡೆಯಲ್ಲಿಯೂ ಬಣ್ಣ ಬದಲಿಸುವುದರಿಂದ, 13 ಇರುವ ಬಣ್ಣದಲ್ಲಿ ಹೊರಟರೆ ಮಾತ್ರ ಸುತ್ತು ಮುಗಿದೀತು. ಮುಗಿಯುವುದೂ ಅದೇ ಬಣ್ಣದಲ್ಲಿ. ಆದಕಾರಣ ಕೊನೆಯ ಮನೆಯಿಂದ ಹೊರಟ ಮನೆಗೆ ಜಿಗಿಯಲಾಗದು. "ಮರಳಿ ಮನೆಗೆ" ಎಂಬ ಗುರಿಯನ್ನು ಇಲ್ಲಿ ಇಡಬಾರದು, 64 ಮನೆಗಳ ಪಟಕ್ಕೆ ಇಡಬಹುದು.

ಅಲ್ಲಿ ಇನ್ನೂ ಕಠಿಣವಾದ ಗುರಿಯೊಂದುಂಟು: ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲಿನ ಮೊತ್ತ 260 ಆಗಬೇಕು. ಇದನ್ನು ಸಾಧಿಸಿದವರಿದ್ದಾರೆ. ಎರಡು ಕರ್ಣಗಳ ಮೊತ್ತವೂ 260 ಆಗುವ ಸುತ್ತು ಇಲ್ಲವೆಂಬುದು 2003ರಲ್ಲಿ ಗಣಕಯಂತ್ರದ ಶೋಧದಿಂದ ಸ್ಥಿರಪಟ್ಟಿತು.

ಬಾಲಕ ಬಾಲಿಕೆಯರು 25 ಮನೆಗಳ ಪಟವನ್ನು ಮೂಲೆಯಿಂದ ಆರಂಭಿಸಲಿ. ಎಲ್ಲಿಂದ ಮುಂದಕ್ಕೆ ದಾರಿಗಳು ಅತಿ ಕಡಿಮೆಯೋ ಆ ಮನೆಗೇ ಮೊದಲು ಹೋಗಬೇಕೆಂಬ ಉಪಾಯವನ್ನು 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬವರು ತಿಳಿಸಿದರು. ತಂದೆತಾಯಿಗಳೂ ಒಂದು ಪಾಟಿಯನ್ನು ಹಿಡಿದು ಕುಳಿತರೆ ಅಭ್ಯಂತರವಿಲ್ಲ.