ನಿಮ್ಮ ನಂಬಿಕೆ, ಅವರ ಬದುಕು: ಹೊಸ ಆಪ್ತಸಮಾಲೋಚಕರಿಗೆ ಎಂಟು ಸೂತ್ರಗಳು

ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ ಹುಡುಗಿ, ಗಂಡನನ್ನು ಬಿಡಲು ಹೊರಟ ಹೆಂಗಸು, ಗರ್ಭ ತೆಗೆಸಬೇಕೋ ಬೇಡವೋ ಎಂದು ಒದ್ದಾಡುತ್ತಿರುವವಳು, ಗಂಡಸನ್ನೇ ಪ್ರೀತಿಸುವ ಗಂಡಸು, ಮಗು ತೀರಿಕೊಂಡ ಮೇಲೆ ದೇವರಮನೆಗೆ ಕಾಲಿಡದ ತಂದೆ. ಆಪ್ತಸಮಾಲೋಚಕರ ಎದುರು ಇವರೆಲ್ಲ ಬಂದು ಕೂರುತ್ತಾರೆ. ಅವರ ಮಾತು ಕೇಳುತ್ತಿದ್ದಂತೆ, ನಾವು ಬೆಳೆದ ಮನೆಯ ಸಂಸ್ಕಾರ ನಮಗೇ ತಿಳಿಯದೆ ಬಾಯಿಗೆ ಬಂದುಬಿಡುತ್ತದೆ. ಅದನ್ನು ತಡೆದು ನಿಲ್ಲಿಸುವುದು ಅಭ್ಯಾಸದಿಂದ ಬರುವ ವಿದ್ಯೆ.

1. ಮೊದಲು ನಿಮ್ಮದೇ ಪಟ್ಟಿ ಬರೆಯಿರಿ.
"ಮಕ್ಕಳಿಗೋಸ್ಕರ ಹೊಂದಿಕೊಂಡು ಹೋಗಬೇಕು." "ಮದುವೆಗೆ ಮುಂಚಿನ ಸಂಬಂಧ ತಪ್ಪು." "ಹರಕೆ, ಪೂಜೆ ಎಲ್ಲ ಮೂಢನಂಬಿಕೆ." ಮನಸ್ಸಿನಲ್ಲಿರುವುದನ್ನು ಹೀಗೆ ಯಾರಿಗೂ ತೋರಿಸದ ಹಾಳೆಯಲ್ಲಿ ಬರೆದಿಡಿ. ಕೊನೆಯ ಸಾಲನ್ನು ಬೇಕೆಂದೇ ಸೇರಿಸಿದ್ದೇನೆ. ಆಸ್ತಿಕರಷ್ಟೇ ತಮ್ಮ ನಂಬಿಕೆ ಹೇರುತ್ತಾರೆಂದು ತಿಳಿಯಬೇಡಿ. ವಿಚಾರವಾದಿ ಸಮಾಲೋಚಕರ ಮುಖದಲ್ಲಿ ಮೂಡುವ ಅಸಹನೆಯೂ ಎದುರಿಗಿರುವ ಭಕ್ತೆಯ ಬಾಯಿ ಮುಚ್ಚಿಸುತ್ತದೆ.

2. ಗುರುವಿನ ಪೀಠದಲ್ಲಿ ಕೂತಿದ್ದೀರಿ ಎಂಬ ಎಚ್ಚರವಿರಲಿ.
ನಮ್ಮಲ್ಲಿ ಬಂದವರು "ನೀವೇ ಹೇಳಿ ಮೇಡಂ, ನೀವು ಹೇಳಿದ ಹಾಗೆ ಮಾಡ್ತೀನಿ" ಎನ್ನುತ್ತಾರೆ. ಭಾರತದಲ್ಲಿ ಚಿಕಿತ್ಸೆಯ ಸಂಬಂಧಕ್ಕೆ ಗುರು-ಶಿಷ್ಯ ಸಂಬಂಧವೇ ಮಾದರಿಯಾಗಬಹುದು ಎಂದು ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಬರೆದಿದ್ದರು. ಅದು ನಿಜವೆಂದು ಪ್ರತಿದಿನ ಕಾಣುತ್ತದೆ. ಅಪಾಯವೂ ಅಲ್ಲೇ ಇದೆ. ಬಂದವರು ಗುರುವೆಂದು ನಂಬಿದ ಮೇಲೆ ನಿಮ್ಮ ತಲೆಯಾಡಿಸುವಿಕೆಯೂ ಅಪ್ಪಣೆಯಾಗುತ್ತದೆ. ವಿಚ್ಛೇದನದ ಮಾತು ಬಂದಾಗ ನೀವು ಸುಮ್ಮನೆ ನಿಟ್ಟುಸಿರು ಬಿಟ್ಟರೂ ಸಾಕು, ಆಕೆ ಇನ್ನೂ ಹತ್ತು ವರ್ಷ ಹೊಡೆತ ತಿನ್ನಬಹುದು. "ಬಿಟ್ಟರೆ ಏನಾಗುತ್ತೆ, ಇದ್ದರೆ ಏನಾಗುತ್ತೆ, ಎರಡನ್ನೂ ಕೂತು ನೋಡೋಣ" ಎಂಬ ಮಾತನ್ನು ನಾಲಿಗೆಗೆ ರೂಢಿಸಿಕೊಳ್ಳಿ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ನೇರವಾಗಿ ಹೇಳಿ, ಆಗ ಹಿಂಜರಿಯಲೇ ಬೇಡಿ.

3. "ಬೇರೆಯವರ ಹತ್ತಿರ ಹೋಗಿ" ಎನ್ನುವ ಮುನ್ನ ಕಾರಣ ನೋಡಿಕೊಳ್ಳಿ.
ಅಮೆರಿಕದ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಮಾಲೋಚನೆ ಕಲಿಯುತ್ತಿದ್ದ ಜೂಲಿಯಾ ವಾರ್ಡ್, ಖಿನ್ನತೆಯೆಂದು ಬಂದವರೊಬ್ಬರ ಕಡತದಲ್ಲಿ ಸಲಿಂಗ ಸಂಬಂಧದ ಉಲ್ಲೇಖ ಕಂಡು, ತಮ್ಮ ಕ್ರೈಸ್ತ ನಂಬಿಕೆಯ ಕಾರಣಕ್ಕೆ, ಭೇಟಿಗೂ ಮುನ್ನವೇ ಅವರನ್ನು ಬೇರೆಯವರಿಗೆ ಒಪ್ಪಿಸಬಹುದೇ ಎಂದು ಕೇಳಿದರು. 2009ರಲ್ಲಿ ಅವರನ್ನು ಕೋರ್ಸಿನಿಂದ ತೆಗೆಯಲಾಯಿತು. ಮೊಕದ್ದಮೆ ಮೇಲ್ಮನವಿವರೆಗೆ ಹೋಗಿ, 2012ರಲ್ಲಿ ರಾಜಿಯಲ್ಲಿ ಮುಗಿಯಿತು. 2014ರಲ್ಲಿ ಅಲ್ಲಿನ ಸಮಾಲೋಚಕರ ಸಂಘ, ಕೇವಲ ವೈಯಕ್ತಿಕ ಮೌಲ್ಯಗಳ ಕಾರಣಕ್ಕೆ ಯಾರನ್ನೂ ಸಾಗಹಾಕುವಂತಿಲ್ಲ ಎಂದು ನೀತಿಸಂಹಿತೆಯಲ್ಲಿ ಬರೆಯಿತು. 2016ರಲ್ಲಿ ಟೆನೆಸ್ಸೀ ರಾಜ್ಯ ಇದಕ್ಕೆ ವಿರುದ್ಧವಾದ ಕಾನೂನನ್ನೇ ತಂದಿತು.

ನನ್ನ ನಿಲುವು ಸಂಘದ ಕಡೆಗೆ. ನಿಮಗೆ ಆ ವಿಷಯದಲ್ಲಿ ತರಬೇತಿ ಇಲ್ಲದಿದ್ದರೆ ಬೇರೆಯವರ ಬಳಿ ಕಳಿಸುವುದು ಸರಿ. ಇಷ್ಟವಿಲ್ಲವೆಂದು ಕಳಿಸಿದರೆ ಬಂದವರು ಅದನ್ನು ತಿರಸ್ಕಾರವೆಂದೇ ಓದುತ್ತಾರೆ, ಮತ್ತೆಲ್ಲೂ ಹೋಗುವುದಿಲ್ಲ. ಅಷ್ಟಕ್ಕೂ ನಮ್ಮ ತಾಲ್ಲೂಕು ಊರುಗಳಲ್ಲಿ ಕಳಿಸುವುದಾದರೂ ಯಾರ ಬಳಿಗೆ?

4. ಕಾನೂನು ಎಳೆದ ಗೆರೆ ಗೊತ್ತಿರಲಿ.
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿದೆ: ಸಮುದಾಯದ ನೀತಿ, ಧಾರ್ಮಿಕ ನಂಬಿಕೆಗಳಿಗೆ ಒಗ್ಗದ ನಡೆಯನ್ನು ಹಿಡಿದು ಯಾರಿಗೂ ಮಾನಸಿಕ ಕಾಯಿಲೆ ಇದೆಯೆಂದು ತೀರ್ಮಾನಿಸುವಂತಿಲ್ಲ. ಸಲಿಂಗಿಗಳನ್ನು "ಬದಲಾಯಿಸುವ" ಚಿಕಿತ್ಸೆ ವೈದ್ಯರಿಗೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಮಗನನ್ನು ಕರೆತಂದು "ಸರಿ ಮಾಡಿಕೊಡಿ" ಎನ್ನುವ ಪೋಷಕರಿಗೆ ಇದನ್ನು ಮೃದುವಾಗಿ, ಆದರೆ ಮೊದಲ ದಿನವೇ ತಿಳಿಸಿ.

5. ನಿಮ್ಮ ಅಳುಕನ್ನು ಹೇಳಿಕೊಳ್ಳಲು ಒಬ್ಬರಿರಲಿ.
ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, 2021ರಲ್ಲಿ ಪರಸ್ಪರ ಪ್ರೀತಿಸಿದ ಇಬ್ಬರು ಯುವತಿಯರ ಪ್ರಕರಣ ಬಂದಾಗ, ಸಲಿಂಗ ಸಂಬಂಧದ ವಿಷಯ ತಮಗೇ ಸರಿಯಾಗಿ ತಿಳಿದಿಲ್ಲವೆಂದು ಒಪ್ಪಿಕೊಂಡು ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕೂತು ಕಲಿತರು. ಅದನ್ನು ಆದೇಶದಲ್ಲೇ ದಾಖಲಿಸಿದರು. ನ್ಯಾಯಪೀಠದಲ್ಲಿರುವವರೇ ಹಾಗೆ ಮಾಡಬಹುದಾದರೆ ಸಮಾಲೋಚಕರು ಹಿರಿಯರೊಬ್ಬರ ಮುಂದೆ "ಈ ಕೇಸು ನನಗೆ ಕಸಿವಿಸಿ ಮಾಡ್ತಿದೆ" ಎನ್ನಲು ನಾಚಬೇಕಿಲ್ಲ.

6. ಬಂದವರ ದೇವರನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ.
ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ದೇವಸ್ಥಾನವೊಂದರಲ್ಲಿ ತಂಗಿದ್ದ ತೀವ್ರ ಮಾನಸಿಕ ಕಾಯಿಲೆಯವರನ್ನು ಅಧ್ಯಯನ ಮಾಡಿದರು. ಕೆಲವೇ ವಾರಗಳಲ್ಲಿ ಅವರ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ವಿಧಿಗಳೇನೂ ಇರಲಿಲ್ಲ. ಜತೆಗೆ ಮನೆಯವರು, ಗದರಿಸದ ಜನ, ಗುಡಿಯ ಸಣ್ಣಪುಟ್ಟ ಕೆಲಸ, ಇಷ್ಟೇ. ಈ ವರದಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅದಕ್ಕೆ ಒಂದೇ ವರ್ಷ ಮುಂಚೆ, 2001ರ ಆಗಸ್ಟ್‌ನಲ್ಲಿ, ಅದೇ ರಾಜ್ಯದ ಏರ್ವಾಡಿಯಲ್ಲಿ ದರ್ಗಾದ ಸುತ್ತಲಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಅಲ್ಲೇ ಸುಟ್ಟುಹೋದರು. ಎರಡನ್ನೂ ಒಟ್ಟಿಗೆ ನೆನಪಿಡಿ. "ಕಷ್ಟ ಬಂದಾಗ ಯಾರನ್ನು ನೆನೆಯುತ್ತೀರಿ?" ಎಂದು ಎಲ್ಲರನ್ನೂ ಕೇಳಿ. ಹರಕೆ ತೀರಿಸಲು ಹೋಗುವವರು ಹೋಗಲಿ, ಮಾತ್ರೆಯ ಪೊಟ್ಟಣವೂ ಚೀಲದಲ್ಲಿರಲಿ.

7. ಜಾತಿ, ಧರ್ಮ ಕೇಳಿದರೆ ಬೆಚ್ಚಬೇಡಿ.
"ನೀವು ಯಾವ ಕಡೆಯವರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನನ್ನು ಕೀಳಾಗಿ ನೋಡುತ್ತಾರೇನೋ ಎಂಬ ಭಯ ಅದರ ಹಿಂದಿರುತ್ತದೆ. ಸುಳ್ಳು ಬೇಡ, ಭಾಷಣವೂ ಬೇಡ. "ಅದು ಗೊತ್ತಾದರೆ ನಿಮಗೆ ಮಾತಾಡೋಕೆ ಸುಲಭ ಆಗುತ್ತಾ?" ಎಂದು ಕೇಳಿ, ಉತ್ತರಿಸಬೇಕೆನಿಸಿದರೆ ಒಂದೇ ಮಾತಿನಲ್ಲಿ ಉತ್ತರಿಸಿ.

8. ಫೀಸು ಕೊಡುವವರ ಪರ ವಕಾಲತ್ತು ವಹಿಸಬೇಡಿ.
ಪ್ರಾಯಕ್ಕೆ ಬಂದ ಮಗಳನ್ನು ಕರೆತಂದು "ಆ ಹುಡುಗನನ್ನು ಮರೆಯೋ ಹಾಗೆ ಬುದ್ಧಿ ಹೇಳಿ" ಎನ್ನುವವರು ಬಹಳ. ಅವರ ಸಂಕಟ ಸುಳ್ಳಲ್ಲ, ಅದನ್ನೂ ಕೇಳಿ. ಆದರೆ ಬೆಳಗಾವಿ ಜಿಲ್ಲೆಯ ಠಾಣೆಯೊಂದರ ದೂರಿನಿಂದ ಹುಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿದ್ದನ್ನು ಮರೆಯಬೇಡಿ: ಇಬ್ಬರು ವಯಸ್ಕರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ್ದಾಗಲಿ, ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ. ತಂದೆತಾಯಿಯನ್ನು ಹೊರಗೆ ಕೂರಿಸುವ ಮುನ್ನ, ಮಗಳ ಎದುರಿಗೇ ಹೇಳಿಬಿಡಿ: "ಇವರು ಒಳಗೆ ಹೇಳಿದ್ದನ್ನು ಇವರ ಒಪ್ಪಿಗೆ ಇಲ್ಲದೆ ನಿಮಗೆ ಹೇಳುವುದಿಲ್ಲ. ಜೀವಕ್ಕೆ ಅಪಾಯ ಕಂಡರೆ ಮಾತ್ರ ತಿಳಿಸುತ್ತೇನೆ."