ಕೆಲಸ ಬಿಟ್ಟ ಕಿಡ್ನಿಯನ್ನೂ ಮರೆಯಬೇಡ

ನೋಡಪ್ಪ, ಬಸವೇಶ್ವರನಗರದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಬರುವ ನಿನಗೆ ನೀರು, ಉಪ್ಪು, ಎಳನೀರಿನ ಪಥ್ಯ ಕೇಳಿ ಕೇಳಿ ಸಾಕಾಗಿರಬೇಕು. ನಾನು ಹೇಳುವುದು ಬೇರೆ. "ಕಿಡ್ನಿ ಹೋಯಿತು, ಇನ್ನು ಅದರ ಚಿಂತೆ ಯಾಕೆ" ಅನ್ನುತ್ತೀಯಲ್ಲ, ಆ ಮಾತು ಬಿಡು. ಕಿಡ್ನಿ ಕೆಲಸ ನಿಲ್ಲಿಸಿದರೂ ಅದರೊಳಗೆ ರಕ್ತ ಹರಿಯುತ್ತಲೇ ಇರುತ್ತದೆ.

ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರ ಕಿಡ್ನಿಯಲ್ಲಿ ನೀರುಗುಳ್ಳೆಗಳು ಏಳುತ್ತವೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಅಪರೂಪಕ್ಕೆ, ಏಟೇನೂ ಬೀಳದೆ, ಗುಳ್ಳೆಯ ಗೋಡೆಯ ರಕ್ತನಾಳ ಒಡೆದು ಕಿಡ್ನಿಯ ಸುತ್ತ ರಕ್ತ ತುಂಬಿಕೊಳ್ಳುತ್ತದೆ. 1856ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯನ ಹೆಸರಲ್ಲೇ ಡಾಕ್ಟರುಗಳು ಇದನ್ನು ವುಂಡರ್‌ಲಿಕ್ ಸಿಂಡ್ರೋಮ್ ಅನ್ನುತ್ತಾರೆ.

ಗುರುತು ಹಿಡಿಯುವುದೇ ಕಷ್ಟ. ತಲೆಸುತ್ತು ಬಂದರೆ "ಇವತ್ತು ನೀರು ಜಾಸ್ತಿ ತೆಗೆದರು" ಅನ್ನುತ್ತೇವೆ. ಪಕ್ಕೆ ನೋವಿಗೆ ಗ್ಯಾಸು ಅನ್ನುತ್ತೇವೆ. ಮೂತ್ರವೇ ಬರದವನಿಗೆ ಮೂತ್ರದಲ್ಲಿ ರಕ್ತ ಕಾಣುವುದೆಲ್ಲಿ? ಸಾಲದ್ದಕ್ಕೆ, ಮಷೀನಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಹೆಪಾರಿನ್ ಮನೆಗೆ ಬಂದ ಮೇಲೂ ಕೆಲವು ಗಂಟೆ ಕೆಲಸ ಮಾಡುತ್ತಿರುತ್ತದೆ. ಸೋರಿಕೆ ಬೇಗ ನಿಲ್ಲುವುದಿಲ್ಲ.

ಒಂದು ಪಕ್ಕೆಯಲ್ಲಿ ದಿಢೀರನೆ ಜೋರು ನೋವು ಬಂದು ಬೆವರು, ತಲೆಸುತ್ತು ಕಾಣಿಸಿದರೆ ಪೇನ್‌ಕಿಲ್ಲರ್ ನುಂಗಿ ಮಲಗಬೇಡ, ಮುಂದಿನ ಡಯಾಲಿಸಿಸ್‌ವರೆಗೂ ಕಾಯಬೇಡ. 108ಕ್ಕೆ ಫೋನ್ ಮಾಡಿಸು. ಮಾಗಡಿ ರಸ್ತೆ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಸವಾರಿ ಬೇಡ. ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗು. ಡಯಾಲಿಸಿಸ್ ಯಾವಾಗ ಮುಗಿಯಿತು, ಹೆಪಾರಿನ್ ಕೊಟ್ಟಿದ್ದರೇ ಎನ್ನುವುದನ್ನು ಮೊದಲು ಹೇಳು. ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಕೈಗೆ ಬಿಪಿ ಪಟ್ಟಿ ಕಟ್ಟಲು ಬಿಡಬೇಡ. ತೊಡೆಸಂದಿಯಿಂದ ಸಣ್ಣ ಕೊಳವೆ ಹಾಯಿಸಿ ಸೋರುವ ನಾಳ ಮುಚ್ಚುವ ಎಂಬೊಲೈಸೇಶನ್ ಎಂಬ ಚಿಕಿತ್ಸೆ ಇದೆ. ಎಷ್ಟೋ ಸಲ ಹೊಟ್ಟೆ ಕೊಯ್ಯಬೇಕಾಗುವುದಿಲ್ಲ. ಆಮೇಲೆ ಹೆಪಾರಿನ್ ಇಲ್ಲದೆಯೂ ಡಯಾಲಿಸಿಸ್ ನಡೆಸಬಹುದು.

ಈ ವಾರವೇ ನಿನ್ನ ನೆಫ್ರಾಲಜಿಸ್ಟ್ ಹತ್ತಿರ ಕೇಳು: ನನ್ನ ಕಿಡ್ನಿಯಲ್ಲಿ ಗುಳ್ಳೆ ಇದೆಯೇ, ಸ್ಕ್ಯಾನ್ ಯಾವಾಗ ಮಾಡಿಸಬೇಕು? ಖರ್ಚಿನ ಚಿಂತೆಯಿದ್ದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಿಂದ ಹತ್ತಿರ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳು, ನೀನಾಗಿ ನಿಲ್ಲಿಸಬೇಡ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೂ ಕೊಡು. ಅಂಥ ಹೊತ್ತು ಬಂದರೆ ವಿವರ ಹೇಳುವ ತ್ರಾಣ ನಿನಗೇ ಇರಲಿಕ್ಕಿಲ್ಲ.