ಒಂದೇ ಪೆಟ್ಟಿಗೆಯ ಗಣಕಯಂತ್ರದೊಂದಿಗೆ ಮೊದಲ ಆರು ವಾರಗಳು



ಜತ್ತ ತಾಲೂಕಿನ ಪೂರ್ವಭಾಗದಲ್ಲಿ, ಉಮದಿಯ ದಾರಿಯಲ್ಲಿರುವ ಒಂದು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗೆ ಊರವರು ಪಟ್ಟಿ ಎತ್ತಿ ಹೊಸ ಗಣಕಯಂತ್ರವೊಂದನ್ನು ಕೊಡಿಸಿದರು. ಪರದೆ, ಸಂಸ್ಕಾರಕ, ಧ್ವನಿವರ್ಧಕ, ಕ್ಯಾಮೆರಾ ಎಲ್ಲವೂ ಒಂದೇ ಕವಚದಲ್ಲಿ ಅಡಗಿರುವ, ಅಂಗಡಿಯವರು ‘ಆಲ್-ಇನ್-ಒನ್’ ಎನ್ನುವ ಮಾದರಿ ಅದು. ಅದನ್ನು ಬಿಚ್ಚಿದ ದಿನ, ಮೂರನೆಯ ವಾರ ಮತ್ತು ಆರನೆಯ ವಾರ ನಾನು ಆ ಶಾಲೆಯಲ್ಲಿದ್ದೆ. ಇಂತಹ ಯಂತ್ರ ನಿಮ್ಮ ಶಾಲೆಗೂ ಬಂದಿರಬಹುದು ಅಥವಾ ಬರಲಿರಬಹುದು. ಅದು ಕಚೇರಿಯ ಕಾಗದಕ್ಕಷ್ಟೇ ಮೀಸಲಾಗುವುದೋ, ಕನ್ನಡ ತರಗತಿಯ ಉಪಕರಣವಾಗುವುದೋ ಎಂಬುದು ಮೊದಲ ಕೆಲವು ವಾರಗಳಲ್ಲಿಯೇ ತೀರ್ಮಾನವಾಗಿಬಿಡುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡೆನಾದ್ದರಿಂದ ಈ ಬರಹ.

ಪೆಟ್ಟಿಗೆ ಬಿಚ್ಚಿದ ದಿನ

ಮೊದಲ ನೋಟಕ್ಕೆ ಎಲ್ಲರಿಗೂ ಸಂತೋಷವೇ ಆಯಿತು. ಮೇಜಿನ ಕೆಳಗೆ ಧೂಳು ತಿನ್ನುತ್ತಿದ್ದ ಸಿಪಿಯು ಡಬ್ಬಿ ಇಲ್ಲ, ತೊಡಕಿಕೊಳ್ಳುವ ತಂತಿಗಳಿಲ್ಲ. ಗೋಡೆಯಿಂದ ಒಂದೇ ಒಂದು ತಂತಿ. ಕಲ್ಪನೆಯೇನೋ ಹೊಸದಲ್ಲ. 1984ರ ಮ್ಯಾಕಿಂಟಾಷ್ ಸಹ ಪರದೆ ಮತ್ತು ಯಂತ್ರ ಒಂದೇ ಆಗಿದ್ದ ಪೆಟ್ಟಿಗೆ. 1998ರ ಐಮ್ಯಾಕ್ ಅದನ್ನೇ ಮನೆಮನೆಯ ಮಾತಾಗಿಸಿತು. ನಮಗೆ ಬಂದದ್ದು ವಿಂಡೋಸ್ 11 ಇರುವ, 24 ಅಂಗುಲದ ಪರದೆಯ ಸಾಧಾರಣ ಯಂತ್ರ. ಅಡಾಪ್ಟರ್ 90 ವ್ಯಾಟ್‌ನದಾದ್ದರಿಂದ ಹಳೆಯ ಯುಪಿಎಸ್ ಕರೆಂಟು ಹೋದ ಮೇಲೂ ಕಾಲು ಗಂಟೆ ತಾಳಿತು. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ.

ಕೊರತೆಗಳು ಮರುದಿನದಿಂದ ಕಾಣತೊಡಗಿದವು. ಹಳೆಯ ಪ್ರೊಜೆಕ್ಟರಿನ ನೀಲಿ ವಿಜಿಎ ತಂತಿಗೆ ಇದರಲ್ಲಿ ಜಾಗವಿಲ್ಲ, ಎಚ್‌ಡಿಎಂಐ ಮಾತ್ರ ಇದೆ. ಸಿ.ಡಿ. ಹಾಕುವ ಖಾನೆ ಇಲ್ಲದ್ದರಿಂದ ಕಪಾಟಿನಲ್ಲಿದ್ದ ಪದ್ಯವಾಚನದ ಸಿ.ಡಿ.ಗಳು ಮೂಲೆ ಸೇರಿದವು. ಹೊಳಪಿನ ಪರದೆಯಲ್ಲಿ ಎದುರಿನ ಕಿಟಕಿಯೇ ಕಾಣುತ್ತದೆ. ಮೂವತ್ತು ಮಕ್ಕಳಿರುವ ಕೋಣೆಗೆ ಅದರ ಧ್ವನಿ ಸಾಲದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಎಲ್ಲವೂ ಒಂದರಲ್ಲಿಯೇ ಇರುವುದರಿಂದ ಪರದೆ ಕೆಟ್ಟರೆ ಇಡೀ ಯಂತ್ರವನ್ನೇ ಹೊತ್ತುಕೊಂಡು ಹೋಗಬೇಕು. ಆದ್ದರಿಂದ ಕೊಳ್ಳುವಾಗಲೇ, ದುರಸ್ತಿಗೆ ತಂತ್ರಜ್ಞರು ಶಾಲೆಗೆ ಬರುವರೋ, ನಾವೇ ಸಾಂಗಲಿಗೆ ಒಯ್ಯಬೇಕೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಈ ಶಾಲೆಗೆ ಮಾರಿದವರು ಬಾಯಿಮಾತಿನಲ್ಲಿ ‘ಬರುತ್ತೇವೆ’ ಎಂದಿದ್ದರು, ಕಾಗದದಲ್ಲಿ ಹಾಗಿರಲಿಲ್ಲ.

ಓದಲಾಗದ ಪಟ್ಟಿ

ನಿಜವಾದ ಆಘಾತ ಬೇರೆಯೇ ಇತ್ತು. ಅದೇ ಶಾಲೆಯಲ್ಲಿ ಹಲವು ವರ್ಷ ಕೆಲಸ ಮಾಡಿ ವರ್ಗವಾಗಿ ಹೋದ ಶಿಕ್ಷಕಿಯೊಬ್ಬರು ಒಂದನೆಯ ಇಯತ್ತೆಗಾಗಿ ಮೂರು ಸಾಲುಗಳ ಪದಪಟ್ಟಿಯೊಂದನ್ನು ಸಿದ್ಧಪಡಿಸಿದ್ದರು. ಮೊದಲ ಸಾಲಿನಲ್ಲಿ ಮಗು ಮನೆಯಿಂದ ತರುವ ಪದ, ಎರಡನೆಯದರಲ್ಲಿ ಪುಸ್ತಕದ ಕನ್ನಡ, ಮೂರನೆಯದರಲ್ಲಿ ಮರಾಠಿ. ಜ್ವಾಳ, ಜೋಳ, ಜ್ವಾರಿ; ಸಜ್ಜಿ, ಸಜ್ಜೆ, ಬಾಜರಿ. ಹೀಗೆ ಹನ್ನೊಂದು ಪುಟ. ಕುರಿ ಕಾಯುವ ಮನೆಗಳ ಮಕ್ಕಳಿಂದ ಕೇಳಿ ಬರೆದುಕೊಂಡ ಪದಗಳೇ ಎರಡು ಪುಟಗಳಷ್ಟಿದ್ದವು. ಮಾಡಗ್ಯಾಳ ತಳಿಯ ಕುರಿಗಳ ನಾಡು ಇದಲ್ಲವೇ. ಹೊಸದಾಗಿ ಬಂದ ಶಿಕ್ಷಕರಿಗೆ ಆ ಪಟ್ಟಿಯೇ ಮೊದಲ ತಿಂಗಳ ಆಸರೆಯಾಗಿತ್ತು.

ಹಳೆಯ ಯಂತ್ರದಿಂದ ಪೆನ್‌ಡ್ರೈವಿನಲ್ಲಿ ತಂದು ಹೊಸದರಲ್ಲಿ ತೆರೆದಾಗ ಕನ್ನಡದ ಎರಡೂ ಸಾಲುಗಳಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಮರಾಠಿಯ ಸಾಲು ಮಾತ್ರ ಸ್ವಚ್ಛವಾಗಿ ಓದಲು ಬರುತ್ತಿತ್ತು. ಮುಖ್ಯಾಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ, ಇದಕ್ಕ ಕನ್ನಡ ಬರೂದಿಲ್ಲೇನ್ರಿ?” ಎಂದರು.

ಬರುತ್ತದೆ. ನಮ್ಮ ಹಳೆಯ ಕಡತವೇ ಕನ್ನಡದ್ದಾಗಿರಲಿಲ್ಲ ಎಂದರೆ ತಪ್ಪಾಗದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ನಾವು ಬರೆದಾಗ ಯಂತ್ರದೊಳಗೆ ಉಳಿಯುತ್ತಿದ್ದುದು ರೋಮನ್ ಅಕ್ಷರಗಳ ಸಂಖ್ಯೆಗಳೇ. ಆ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದುದು ಅಕ್ಷರವಿನ್ಯಾಸ, ಅಂದರೆ ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೊಡುಗೆ ಕಳಚಿ ರೋಮನ್ ಅಕ್ಷರಗಳು ಹೊರಬೀಳುತ್ತವೆ. ಯುನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ: ದೇವನಾಗರಿಯ ‘ಕ’ 0915, ಕನ್ನಡದ ‘ಕ’ 0ಸಿ95. ಮರಾಠಿಯ ಸಾಲನ್ನು ಆ ಶಿಕ್ಷಕಿ ಕಚೇರಿಯ ರೂಢಿಯಂತೆ ಯುನಿಕೋಡಿನಲ್ಲಿ ಬರೆದಿದ್ದರು. ಅದು ಉಳಿದುಕೊಂಡದ್ದಕ್ಕೆ ಕಾರಣ ಇಷ್ಟೇ.

ಹಳೆಯ ಕಡತವನ್ನು ಯುನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ನುಡಿ, ಬರಹ ತಂತ್ರಾಂಶಗಳೊಂದಿಗೇ ದೊರೆಯುತ್ತವೆ. ಹನ್ನೊಂದು ಪುಟಗಳೂ ಕ್ಷಣಾರ್ಧದಲ್ಲಿ ಕನ್ನಡವಾದವು. ಆದರೆ ಕೆಲವು ಕಡೆ ಅರ್ಕಾವತ್ತು ಸ್ಥಾನಪಲ್ಲಟವಾಗಿತ್ತು. ಇದಕ್ಕೊಂದು ಕಾರಣವಿದೆ, ಅದು ತರಗತಿಗೂ ಉಪಯುಕ್ತ. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ನಾವು ‘ಯ’ ಬರೆದು, ಆಮೇಲೆ ಬಲಕ್ಕೆ ಅರ್ಕಾವತ್ತು ಇಡುತ್ತೇವೆ. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಉಳಿಯುತ್ತಿದ್ದುದು ಈ ಕೈಬರಹದ ಕ್ರಮದಲ್ಲಿ. ಯುನಿಕೋಡಿನಲ್ಲಿ ಉಳಿಯುವುದು ನಾಲಿಗೆಯ ಕ್ರಮದಲ್ಲಿ: ಮೊದಲು ರಕಾರ, ಬಳಿಕ ಯಕಾರ. ಪರಿವರ್ತಕವು ಪ್ರತಿ ಅರ್ಕಾವತ್ತನ್ನೂ ಹಿಂದಕ್ಕೆ ಸರಿಸಬೇಕು. ಪದದ ನಡುವೆ ತೆರಪೋ ಚಿಹ್ನೆಯೋ ಸಿಕ್ಕಿಕೊಂಡಿದ್ದರೆ ಎಡವುತ್ತದೆ. ಆದ್ದರಿಂದ ಪರಿವರ್ತಿಸಿದ ಕಡತವನ್ನು ಒಮ್ಮೆ ಮನುಷ್ಯರ ಕಣ್ಣು ನೋಡಲೇಬೇಕು. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ಯಾವ ಕೀಲಿಮಣೆ?

ಮೂರನೆಯ ವಾರ ಹೋದಾಗ ಯಂತ್ರವು ಮುಖ್ಯಾಧ್ಯಾಪಕರ ಕೋಣೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ ಕುಳಿತಿತ್ತು. ಯು-ಡೈಸ್ ಮಾಹಿತಿ ತುಂಬಲು, ಮರಾಠಿಯಲ್ಲಿ ಪತ್ರ ಬರೆಯಲು ಬಳಕೆಯಾಗುತ್ತಿತ್ತು. ಮಕ್ಕಳು ಅದನ್ನು ಮುಟ್ಟಿರಲಿಲ್ಲ. ‘ಹಾಳಾದೀತು’ ಎಂಬ ಅಂಜಿಕೆ ಒಂದು ಕಡೆ. ‘ಕನ್ನಡ ಟೈಪು ಯಾರಿಗೆ ಬರುತ್ತದೆ’ ಎಂಬ ಸಂಕೋಚ ಇನ್ನೊಂದು ಕಡೆ. ಮೊದಲನೆಯದು ಸಹಜ, ಜನರ ದುಡ್ಡಿನ ವಸ್ತು. ಎರಡನೆಯದಕ್ಕೆ ನಾನು ಉತ್ತರ ಹೇಳಬಲ್ಲವನಾಗಿದ್ದೆ.

ವಿಂಡೋಸಿನ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ದೊರೆಯುತ್ತದೆ. ಹೊರಗಿನ ಯಾವ ತಂತ್ರಾಂಶವೂ ಬೇಕಿಲ್ಲ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಇಂಗ್ಲಿಷ್, ಮರಾಠಿ, ಕನ್ನಡ ಒಂದಾದ ಮೇಲೊಂದು ಬದಲಾಗುತ್ತವೆ. ಕರ್ನಾಟಕದಲ್ಲಿ ರೂಢಿಯಲ್ಲಿರುವುದು ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಾದ ವಿನ್ಯಾಸ. ರೋಮನ್ ಅಕ್ಷರ ಬಲ್ಲವರಿಗೆ ಅದು ಬೇಗ ಒಲಿಯುತ್ತದೆ. ಅದರ ಜಾಣ್ಮೆಯ ಬಗ್ಗೆ ನನಗೆ ಗೌರವವಿದೆ. ಆದರೂ ಜತ್ತದ ಶಿಕ್ಷಕರಿಗೆ ನಾನು ಇನ್‌ಸ್ಕ್ರಿಪ್ಟನ್ನೇ ಸೂಚಿಸುತ್ತೇನೆ. ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ಆಗಿರುವಂತೆ ರೂಪಿಸಿದ ವಿನ್ಯಾಸ ಅದು. ಮರಾಠಿಯ ‘ಕ’ ಎಲ್ಲಿದೆಯೋ ಕನ್ನಡದ ‘ಕ’ ಅಲ್ಲಿಯೇ ಇದೆ. ಕಚೇರಿಗೆ ಮರಾಠಿ, ತರಗತಿಗೆ ಕನ್ನಡ ಎಂದು ದಿನವೂ ಎರಡು ದೋಣಿಗಳಲ್ಲಿ ಕಾಲಿಡುವ ನಮಗೆ ಒಮ್ಮೆ ಪಳಗಿದ ಬೆರಳು ಎರಡೂ ಕಡೆ ದುಡಿಯುತ್ತದೆ.

ಒಂದು ಪದದಿಂದ ಇದನ್ನು ತೋರಿಸಿದೆ. ವೈ, ಇ, ಬಳಿಕ ಶಿಫ್ಟ್ ಹಿಡಿದು ಎನ್. ಮರಾಠಿಯಲ್ಲಿದ್ದಾಗ ಪರದೆಯ ಮೇಲೆ ‘ಬಾಳ’ ಎಂದು ದೇವನಾಗರಿಯಲ್ಲಿ ಮೂಡಿತು, ಅಂದರೆ ಕೂಸು. ಕನ್ನಡಕ್ಕೆ ಬದಲಿಸಿ ಅವೇ ಕೀಲಿಗಳನ್ನು ಒತ್ತಿದಾಗ ಕನ್ನಡದಲ್ಲಿ ‘ಬಾಳ’, ನಮ್ಮ ಆಡುಮಾತಿನ ‘ಬಹಳ’. ಎರಡು ಭಾಷೆ, ಎರಡು ಅರ್ಥ, ಬೆರಳಿನ ಚಲನೆ ಒಂದೇ. ಪತ್ರವ್ಯವಹಾರದಿಂದಾಗಿ ಮರಾಠಿ ಟೈಪು ಚೆನ್ನಾಗಿ ಬಲ್ಲ ಮುಖ್ಯಾಧ್ಯಾಪಕರು ಅರ್ಧ ಗಂಟೆಯಲ್ಲಿ ಕನ್ನಡದಲ್ಲಿ ಒಂದು ಪುಟ ಬರೆದರು. ಇಷ್ಟು ವರ್ಷ ಕನ್ನಡ ಟೈಪು ತಮಗೆ ಬಾರದೆಂದೇ ಅವರು ತಿಳಿದಿದ್ದರು.

ಒಬ್ಬ ಶಿಕ್ಷಕರು ಸರಿಯಾಗಿಯೇ ಆಕ್ಷೇಪಿಸಿದರು: ನಮ್ಮ ಮಕ್ಕಳಲ್ಲಿ ಕೆಲವರು ಮುಂದೆ ವಿಜಯಪುರಕ್ಕೆ ಓದಲು ಹೋಗುತ್ತಾರೆ, ಅಲ್ಲಿ ನುಡಿಯೇ ಅಲ್ಲವೇ? ಹೌದು. ಆದರೆ ಯುನಿಕೋಡಿನಲ್ಲಿ ಬರೆದರೆ ಯಾವ ಕೀಲಿಮಣೆಯಿಂದ ಬರೆದರೂ ಉಳಿಯುವ ಅಕ್ಷರ ಒಂದೇ. ಬದಲಾಗಬೇಕಾದದ್ದು ಬೆರಳಿನ ರೂಢಿ ಮಾತ್ರ. ಎಳೆಯ ಬೆರಳುಗಳು ನಮ್ಮಂತಲ್ಲ, ಬೇಗ ತಿರುಗುತ್ತವೆ.

ತರಗತಿಯಲ್ಲಿ: ಬೆಳೆ ಮತ್ತು ಬೇಳೆ

ಯಂತ್ರವನ್ನು ಮೂರು ಮತ್ತು ನಾಲ್ಕನೆಯ ಇಯತ್ತೆಯ ಕೋಣೆಗೆ, ಕಿಟಕಿಗೆ ಬೆನ್ನಾಗದಂತೆ, ಪಕ್ಕದ ಗೋಡೆಗೆ ಸರಿಸಿದೆವು. ಕೀಲಿಗಳ ಮೇಲೆ ಬರೀ ಇಂಗ್ಲಿಷ್ ಅಕ್ಷರಗಳಿದ್ದುದರಿಂದ ಮಕ್ಕಳೇ ಕಾಗದದ ಚೂರುಗಳಲ್ಲಿ ಕನ್ನಡ ಅಕ್ಷರ ಬರೆದು ಪಾರದರ್ಶಕ ಟೇಪಿನಿಂದ ಅಂಟಿಸಿದರು. ಇನ್‌ಸ್ಕ್ರಿಪ್ಟಿನಲ್ಲಿ ಎಡಗೈಯ ಕಡೆ ಸ್ವರಗಳು, ಬಲಗೈಯ ಕಡೆ ಬಹುಪಾಲು ವ್ಯಂಜನಗಳು. ವರ್ಣಮಾಲೆಯ ಪಾಠವೇ ಎರಡು ಕೈಗಳಿಗೆ ಹಂಚಿಹೋದಂತೆ. ಕಾಗುಣಿತ ಎಂದರೆ ಎರಡೂ ಕೈ ಸೇರುವುದು ಎಂದು ಒಬ್ಬ ಹುಡುಗ ತಾನಾಗಿಯೇ ಹೇಳಿದ.

ಮೊದಲ ಚಟುವಟಿಕೆಗೆ ‘ಬೆಳೆ’, ‘ಬೇಳೆ’ ಎಂಬ ಜೋಡಿಯನ್ನು ಆರಿಸಿಕೊಂಡೆವು. ಮರಾಠಿಯ ಬರಹದಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಗುರುತಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಬರೆಯುವಾಗ ಎಡವುವ ಒಂದು ಜಾಗ ಇದೇ ಎಂಬುದು ನಿಮಗೆ ಉತ್ತರಪತ್ರಿಕೆಗಳಿಂದ ತಿಳಿದದ್ದೇ. ಕೀಲಿಮಣೆಯಲ್ಲಿ ಎತ್ವಕ್ಕೆ ಝಡ್, ಏತ್ವಕ್ಕೆ ಎಸ್. ಹಾಗೆಯೇ ಒತ್ವಕ್ಕೆ 1ರ ಅಂಕಿಯ ಎಡಪಕ್ಕದ ಕೀಲಿ, ಓತ್ವಕ್ಕೆ ಎ. ಶಿಕ್ಷಕರು ಪದವನ್ನು ಉಚ್ಚರಿಸುತ್ತಾರೆ. ಮಗು ಕೇಳಿ, ಯಾವ ಕೀಲಿ ಎಂದು ನಿರ್ಧರಿಸಿ ಒತ್ತುತ್ತದೆ. ಉಳಿದವರು ದೊಡ್ಡ ಅಕ್ಷರದಲ್ಲಿ ಮೂಡಿದ್ದನ್ನು ಓದಿ ‘ಹೊಲದಾಗಿಂದೋ, ಸಾರಿನಾಗಿಂದೋ?’ ಎಂದು ಕೂಗುತ್ತಾರೆ. ಕೊಡು–ಕೋಡು, ಎಡೆ–ಏಡಿ, ಒಡು ಎಂದು ಬರೆದದ್ದು ಓಡು ಆಗಬೇಕಿತ್ತೇ ಎಂಬ ಚರ್ಚೆ, ಹೀಗೆ ಮುಂದುವರಿಯಿತು.

ಅಲ್ಲೊಂದು ತೊಡಕು ಎದುರಾಯಿತು, ನಾನದನ್ನು ಊಹಿಸಿರಲಿಲ್ಲ. ಒಬ್ಬ ಹುಡುಗಿ ‘ಬೆ’ ಎಂದು ಒತ್ತಿ, ಬಳಿಕ ಕೀಲಿಮಣೆಯನ್ನೆಲ್ಲ ಹುಡುಕತೊಡಗಿದಳು. “ದೀರ್ಘ ಎಲ್ಲೈತಿ ಸರ?” ಪಾಟಿಯ ಮೇಲೆ ಬರೆಯುವಾಗ ಎತ್ವ ಕೊಟ್ಟು ದೀರ್ಘ ಎಳೆದರೆ ಏತ್ವ, ಆ ಕೈಯ ರೂಢಿ ಅವಳದು. ಇಲ್ಲಿ ದೀರ್ಘ ಎಂಬ ಬೇರೆ ಕೀಲಿಯೇ ಇಲ್ಲ. ಏಕಾರ ಬೇರೆ ಸ್ವರ, ಆದ್ದರಿಂದ ಬೇರೆ ಕೀಲಿ. ಅವಳಿಗೆ ‘ಕೈಯಿಂದ ಬರೆದಂತೆ ಒತ್ತಬೇಡ, ಬಾಯಿಂದ ಹೇಳಿದಂತೆ ಒತ್ತು’ ಎಂದು ಹೇಳಿದೆವು. ಒತ್ತಕ್ಷರಕ್ಕೂ ಅದೇ ಮಾತು ಸಾಕಾಯಿತು. ‘ಅಕ್ಕ’ ಬರೆಯಲು ಶಿಫ್ಟ್ ಹಿಡಿದು ಡಿ, ಬಳಿಕ ಕೆ, ಡಿ, ಕೆ. ನಡುವಿನ ಡಿ ಒತ್ತಿದಾಗ ‘ಅಕ್’ ಎಂದು ಅರ್ಧಕ್ಕೆ ನಿಂತದ್ದನ್ನು ಕಂಡು ಮಕ್ಕಳು ಬಿಕ್ಕಳಿಕೆ ಬಂದಿತೆಂದು ನಕ್ಕರು. ಅರ್ಧಾಕ್ಷರವನ್ನು ಕಪ್ಪುಹಲಗೆಯ ಮೇಲೆ ಇಷ್ಟು ಸುಲಭವಾಗಿ ನಾನೆಂದೂ ವಿವರಿಸಿಲ್ಲ.

ಒಂದೇ ಯಂತ್ರ, ಮೂವತ್ತು ಮಕ್ಕಳು ಎಂಬ ಲೆಕ್ಕ ಮಾತ್ರ ಬಗೆಹರಿದಿಲ್ಲ. ಕಾಗದದ ಮೇಲೆ ಕೀಲಿಮಣೆಯ ಚಿತ್ರ ಬರೆದು, ಅದರ ಮೇಲೆ ಅಭ್ಯಾಸ ಮಾಡಿದವರು ಸರದಿಯಂತೆ ಯಂತ್ರಕ್ಕೆ ಬರುವ ಪದ್ಧತಿ ಸದ್ಯಕ್ಕೆ ನಡೆದಿದೆ. ಕಚೇರಿಯ ಕೆಲಸಕ್ಕೆ ಮಧ್ಯಾಹ್ನ ಮೂರರ ನಂತರದ ಸಮಯ ಎಂದು ಮುಖ್ಯಾಧ್ಯಾಪಕರೇ ನಿಗದಿಪಡಿಸಿದ್ದಾರೆ. ಮೇಲಿನಿಂದ ತುರ್ತು ಮಾಹಿತಿ ಕೇಳಿದ ದಿನ ಈ ನಿಯಮ ಮುರಿಯುತ್ತದೆ, ಅದನ್ನೂ ಹೇಳಬೇಕು.

ಪಟ್ಟಿಯ ವಿಷಯ ಬಾಕಿ ಇತ್ತು. ಆರನೆಯ ವಾರ ಹನ್ನೊಂದು ಪುಟಗಳನ್ನು ಮುದ್ರಿಸಿ ಏಳನೆಯ ಇಯತ್ತೆಯ ಮಕ್ಕಳಿಗೆ ತಿದ್ದಲು ಕೊಟ್ಟೆವು. ವರ್ಷ, ಸೂರ್ಯ ಮುಂತಾದವನ್ನು ನಾವೇ ತಿದ್ದಬಲ್ಲೆವು. ಆದರೆ ಒಂದು ಪದದಲ್ಲಿ ‘ಕು’, ‘ಪಿ’ ಮಾತ್ರ ಉಳಿದು ಅರ್ಕಾವತ್ತು ಎಲ್ಲೋ ಹಾರಿಹೋಗಿತ್ತು. ಎದುರಿಗೆ ಮರಾಠಿಯಲ್ಲಿ ‘ಖುರಪೆ’ ಎಂದಿತ್ತು. ತಾಯಿಯೊಂದಿಗೆ ಕಳೆ ತೆಗೆಯಲು ಹೋಗುವ ಹುಡುಗಿಯೊಬ್ಬಳು ನೋಡಿದೊಡನೆ ‘ಕುರ್ಪಿ’ ಎಂದಳು, ಕೀಲಿಮಣೆಯ ಮುಂದೆ ಕುಳಿತು ರಕಾರವನ್ನು ಅದರ ಜಾಗದಲ್ಲಿ ತಾನೇ ಸೇರಿಸಿದಳು. ಕುರಿಗಳ ಪುಟದಲ್ಲಿ ಮೂರು ಪದಗಳು ಮಾತ್ರ ಯಾರಿಗೂ ಬಗೆಹರಿಯಲಿಲ್ಲ. ಅವುಗಳ ಜಾಗ ಖಾಲಿ ಬಿಟ್ಟಿದ್ದೇವೆ. ಪಟ್ಟಿ ಮಾಡಿದ ಶಿಕ್ಷಕಿಗೆ ಬರೆದು ಕೇಳಿದ್ದೇವೆ.